ಮಾಳಿಗೆಯ ಮೇಲಿನ ಕೋಣೆಗೆ ಬಚ್ಚಲುಮನೆ: ಎಲ್ಲಿ ಕಟ್ಟಬೇಕು, ಯಾವುದನ್ನು ಆರಿಸಬೇಕು

ಕಲಬುರಗಿಯ ಹಳೆಯ ಓಣಿಗಳ ಎಷ್ಟೋ ಮನೆಗಳಲ್ಲಿ ಮಾಳಿಗೆಯ ಮೇಲೆ ಒಂದು ಕೋಣೆ ಇರುತ್ತದೆ. ಜೋಳದ ಚೀಲ, ಹಳೆಯ ಟ್ರಂಕು, ಹೆಚ್ಚುವರಿ ಹಾಸಿಗೆಗಳನ್ನು ಇಡುವ ಅಟ್ಟದಂತೆ ಬಳಕೆಯಾಗುತ್ತಿದ್ದ ಆ ಕೋಣೆಯನ್ನು ಈಗ ಓದುವ ಮಕ್ಕಳಿಗೆಂದೋ ಹೊಸದಾಗಿ ಮದುವೆಯಾದ ಮಗ ಸೊಸೆಗೆಂದೋ ವಾಸಕ್ಕೆ ಸಿದ್ಧಪಡಿಸುವವರು ಹೆಚ್ಚಾಗಿದ್ದಾರೆ. ಅಲ್ಲಿ ವಾಸವೆಂದ ಮೇಲೆ ಬಚ್ಚಲು ಮತ್ತು ಶೌಚದ ವ್ಯವಸ್ಥೆಯೂ ಅಲ್ಲೇ ಬೇಕು. ಹೆಚ್ಚಿನವರು ಟೈಲ್ಸ್ ಅಂಗಡಿಯಿಂದ ಯೋಚನೆ ಆರಂಭಿಸಿ, ಆಮೇಲೆ ಕಮೋಡ್ ಆರಿಸಿ, ಕೊನೆಗೆ ಪ್ಲಂಬರನ್ನು ಕರೆಸಿ ಪೈಪು ಎಲ್ಲಿಂದ ಇಳಿಸುವುದೆಂದು ಕೇಳುತ್ತಾರೆ. ಈ ಕ್ರಮ ತಿರುವುಮುರುವಾಗಬೇಕು. ಕುಡಿಯುವ, ಬಳಸುವ ನೀರನ್ನು ಪಂಪು ಹಾಕಿ ಎಲ್ಲಿಗೆ ಬೇಕಾದರೂ ಏರಿಸಬಹುದು. ಕೊಳೆ ನೀರು ಮಾತ್ರ ಇಳಿಜಾರು ಸಿಕ್ಕ ಕಡೆಗೇ ಹೋಗುತ್ತದೆ. ಆದ್ದರಿಂದ ಮಾಳಿಗೆ ಎಷ್ಟು ಭಾರ ಹೊರುತ್ತದೆ ಎಂಬುದನ್ನು ಮೊದಲು, ಕೊಳೆ ನೀರು ಇಳಿಯುವ ದಾರಿಯನ್ನು ಎರಡನೆಯದಾಗಿ, ಉಳಿದುದೆಲ್ಲವನ್ನೂ ಅದರ ನಂತರ ತೀರ್ಮಾನಿಸಬೇಕು.

ಮಾಳಿಗೆ ಯಾವ ಬಗೆಯದು

ನಮ್ಮ ಭಾಗದಲ್ಲಿ ಮೂರು ಬಗೆಯ ಮಾಳಿಗೆಗಳಿವೆ: ತೊಲೆ, ಜಂತಿಗಳ ಮೇಲೆ ಮಣ್ಣು ಹಾಸಿದ್ದು, ಕಬ್ಬಿಣದ ಗರ್ಡರುಗಳ ಮೇಲೆ ಶಹಾಬಾದ್ ಪರಸಿ (ಚಪ್ಪಡಿ ಕಲ್ಲು) ಹೊದಿಸಿದ್ದು, ಮತ್ತು ಕಾಂಕ್ರೀಟಿನ ಸ್ಲ್ಯಾಬ್. ಮಣ್ಣಿನ ಮಾಳಿಗೆಯ ವಿಷಯದಲ್ಲಿ ನನಗೆ ಯಾವ ಸಂಶಯವೂ ಇಲ್ಲ: ಅದರ ಮೇಲೆ ಬಚ್ಚಲುಮನೆ ಕಟ್ಟಲೇಬಾರದು. ಸಣ್ಣ ಸೋರಿಕೆಯೂ ಮಣ್ಣಿನೊಳಗೆ ಇಂಗಿ ಜಂತಿಯ ತುದಿಯನ್ನು ಗೋಡೆಯೊಳಗೇ ಕೊಳೆಸುತ್ತದೆ, ಮತ್ತು ಅದು ಹೊರಗೆ ಕಾಣುವುದಿಲ್ಲ. ಅಂಥ ಮನೆಯಲ್ಲಿ ಮೇಲಿನ ಕೋಣೆಗೆ ಶೌಚ ಬೇಕೆಂದರೆ, ಹಿತ್ತಲ ಗೋಡೆಗೆ ಹೊಂದಿಕೊಂಡು ತನ್ನದೇ ಕಂಬಗಳ ಮೇಲೆ ನಿಲ್ಲುವ ಪ್ರತ್ಯೇಕ ಕಾಂಕ್ರೀಟ್ ಕಟ್ಟಡವನ್ನು ಎಬ್ಬಿಸಿ, ಮೇಲಿನಿಂದ ಬಾಗಿಲು ಕೊಡುವುದೊಂದೇ ಸುರಕ್ಷಿತ ಮಾರ್ಗ.

ಗರ್ಡರ್ ಮತ್ತು ಪರಸಿಯ ಮಾಳಿಗೆ ಇದಕ್ಕಿಂತ ಗಟ್ಟಿಯಾದದ್ದು, ಆದರೆ ಅದಕ್ಕೆ ಎರಡು ಮಿತಿಗಳಿವೆ. ಒಂದು ಪರಸಿಗೂ ಇನ್ನೊಂದಕ್ಕೂ ನಡುವಿನ ಸಂದಿಯಿಂದ ನೀರು ಇಳಿಯುತ್ತದೆ. ಪೈಪಿಗಾಗಿ ಕಲ್ಲಿನ ನಡುಭಾಗದಲ್ಲಿ ಉಳಿಯಿಂದ ತೂತು ಹೊಡೆದರೆ ಆ ಕಲ್ಲು ಬಿರುಕು ಬಿಡುತ್ತದೆ. ಆದ್ದರಿಂದ ಇಲ್ಲಿ ಎಲ್ಲ ಪೈಪುಗಳೂ ಗೋಡೆಯ ಮೂಲಕ ಹೊರಕ್ಕೆ ಹೋಗಬೇಕೇ ಹೊರತು ನೆಲದ ಮೂಲಕ ಕೆಳಕ್ಕೆ ಹೋಗಬಾರದು. ಗರ್ಡರು ಗೋಡೆಯ ಮೇಲೆ ಕೂರುವ ತುದಿಯಲ್ಲಿ ತುಕ್ಕು ಹಿಡಿದಿದೆಯೇ ಎಂಬುದನ್ನು ಗಿಲಾವು ಕೆತ್ತಿ ನೋಡಿದ ಮೇಲೆಯೇ ಮುಂದುವರಿಯಬೇಕು.

ಕಾಂಕ್ರೀಟ್ ಸ್ಲ್ಯಾಬ್ ಇದೆಯೆಂಬ ಕಾರಣಕ್ಕೇ ನಿಶ್ಚಿಂತರಾಗುವುದೂ ಸರಿಯಲ್ಲ. ಓಡಾಡುವ ತಾರಸಿಗೆ ಭಾರತೀಯ ಮಾನಕವು ಪ್ರತಿ ಚದರ ಮೀಟರಿಗೆ ಸುಮಾರು 150 ಕಿಲೋ, ವಾಸದ ಕೋಣೆ ಮತ್ತು ಬಚ್ಚಲಿಗೆ ಸುಮಾರು 200 ಕಿಲೋ ಬಳಕೆಯ ಭಾರವನ್ನು (ಜನ, ಸಾಮಾನುಗಳ ತೂಕವನ್ನು) ಲೆಕ್ಕಕ್ಕೆ ಹಿಡಿಯುತ್ತದೆ. 5 ಅಡಿ ಅಗಲ, 7 ಅಡಿ ಉದ್ದದ ಬಚ್ಚಲು ಸುಮಾರು 3.25 ಚದರ ಮೀಟರ್ ಆಗುತ್ತದೆ. ಅದರ ನೆಲವನ್ನು ಒಂದು ಅಡಿ ಎತ್ತರಿಸಿ ಒಳಗೆ ಇಟ್ಟಿಗೆ ಚೂರು, ಗಾರೆ ತುಂಬಿಸಿದರೆ ತುಂಬಿದ ವಸ್ತುವೇ ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಬಚ್ಚಲಿನ ಲೆಕ್ಕದಲ್ಲಿ ಆ ಜಾಗಕ್ಕೆ ಹಿಡಿಯುವ ಬಳಕೆಯ ಭಾರ ಕೇವಲ 650 ಕಿಲೋ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಬೇರೆ. ಗೋಡೆಯನ್ನು ನಾಲ್ಕು ಇಂಚಿನ ಹಗುರ ಎಎಸಿ ಬ್ಲಾಕಿನಲ್ಲಿ (ಒಳಗೆ ಗಾಳಿಗುಳ್ಳೆಗಳಿರುವ ಕಾಂಕ್ರೀಟ್ ಇಟ್ಟಿಗೆಯಲ್ಲಿ) ಕಟ್ಟಿದರೆ ಇಟ್ಟಿಗೆ ಗೋಡೆಯ ಅರ್ಧಕ್ಕಿಂತ ಕಡಿಮೆ ತೂಕದಲ್ಲಿ ಕೆಲಸ ಮುಗಿಯುತ್ತದೆ. ಮೇಲಿನ ಬಚ್ಚಲಿಗೆ ನಾನು ಬೇರೆ ಗೋಡೆಯನ್ನು ಸೂಚಿಸಲಾರೆ. ಸ್ಲ್ಯಾಬಿನ ದಪ್ಪ, ಕೆಳಗಿನ ಗೋಡೆ ಅಥವಾ ಬೀಮುಗಳ ಸ್ಥಾನವನ್ನು ಕಟ್ಟಡದ ಎಂಜಿನಿಯರೊಬ್ಬರಿಗೆ ತೋರಿಸುವ ಖರ್ಚನ್ನು ಉಳಿಸಲು ಹೋಗಬಾರದು.

ಬಚ್ಚಲನ್ನು ಯಾವ ಮೂಲೆಯಲ್ಲಿಡಬೇಕು

ಆಯ್ಕೆಗಳು ಸಾಮಾನ್ಯವಾಗಿ ಮೂರು. ಕೆಳಗಿನ ಬಚ್ಚಲಿನ ನೇರ ಮೇಲಕ್ಕೆ ಕಟ್ಟುವುದು ಮೊದಲನೆಯದು. ಬೇರೊಂದು ಹೊರಗೋಡೆಗೆ ಹತ್ತಿಸಿ ಹೊಸದಾಗಿ ಪೈಪು ಇಳಿಸುವುದು ಎರಡನೆಯದು. ಕೋಣೆಗೆ ಅನುಕೂಲವೆಂದು ಒಳಮೂಲೆಯಲ್ಲಿ ಕಟ್ಟಿ ಉದ್ದಕ್ಕೆ ಪೈಪು ಎಳೆಯುವುದು ಮೂರನೆಯದು.

ಮೊದಲನೆಯದಕ್ಕೆ ಇರುವ ಲಾಭ ಸ್ಪಷ್ಟ. ಕೆಳಗೆ ಗೋಡೆಗಳಿರುವುದರಿಂದ ಭಾರ ನೇರವಾಗಿ ಅವುಗಳ ಮೇಲೆ ಬೀಳುತ್ತದೆ, ಇಳಿಯುವ ಪೈಪು ಮತ್ತು ಅಂಗಳದ ಚೇಂಬರ್ (ಕೊಳೆ ನೀರು ಬಂದು ಸೇರುವ ತೊಟ್ಟಿ) ಈಗಾಗಲೇ ಅಲ್ಲಿರುತ್ತವೆ, ಮುಂದೊಂದು ದಿನ ಸೋರಿದರೂ ಕೆಳಗೆ ಮಲಗುವ ಕೋಣೆಯಾಗಲಿ ಜಗಲಿಯಾಗಲಿ ದೇವರ ಕೋಣೆಯಾಗಲಿ ಇರುವುದಿಲ್ಲ. ಆದರೆ ಇದರಲ್ಲಿ ಪ್ಲಂಬರರು ಅಷ್ಟಾಗಿ ಹೇಳದ ಒಂದು ತೊಡಕಿದೆ. ಮೇಲಿನಿಂದ ಫ್ಲಶ್ ಮಾಡಿದ ನೀರು ಒಮ್ಮೆಲೇ ಇಳಿಯುವಾಗ ತನ್ನ ಹಿಂದಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಪೈಪಿಗೆ ಮೇಲುಗಡೆಯಿಂದ ಗಾಳಿ ಸಿಗದಿದ್ದರೆ ಅದು ಕೆಳಗಿನ ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ (ನೆಲದ ನೀರು ಇಳಿಯುವ ಜಾಲರಿಯ ಕೆಳಗಿನ ಬಟ್ಟಲಿನಲ್ಲಿ) ನಿಂತಿರುವ ಎರಡು ಇಂಚು ನೀರನ್ನೇ ಹೀರಿಬಿಡುತ್ತದೆ. ಆ ನೀರೇ ದುರ್ವಾಸನೆಗೆ ತಡೆ. ಅದು ಹೋದರೆ ಚೇಂಬರಿನ ವಾಸನೆ ನೇರವಾಗಿ ಕೆಳಮನೆಯೊಳಗೆ ಬರುತ್ತದೆ. ಹಳೆಯ ಮನೆಗಳಲ್ಲಿ ಗಾಳಿಪೈಪು ಕೆಳಗಿನ ಛಾವಣಿಯ ಮಟ್ಟದಲ್ಲೇ ನಿಂತಿರುತ್ತದೆ. ಮೇಲೆ ಬಚ್ಚಲು ಬಂದಾಗ 110 ಮಿಲಿಮೀಟರಿನ ಮುಖ್ಯ ಪೈಪನ್ನು ಅದೇ ಅಳತೆಯಲ್ಲಿ ಹೊಸ ಛಾವಣಿಗಿಂತ ಮೇಲಕ್ಕೆ, ಕಿಟಕಿಗಳಿಂದ ದೂರಕ್ಕೆ ಒಯ್ದು, ಮೇಲೆ ಜಾಲರಿಯ ಟೋಪಿ ಹಾಕಲೇಬೇಕು. ಕೆಳಗಿನ ಪೈಪು ಹಳೆಯ ಸಿಮೆಂಟಿನದೋ ಬೀಡುಕಬ್ಬಿಣದ್ದೋ ಆಗಿದ್ದು ಕೀಲುಗಳು ಸಡಿಲವಾಗಿದ್ದರೆ, ಅದಕ್ಕೆ ಹೊಸದನ್ನು ಜೋಡಿಸುವ ಬದಲು ತಳದಿಂದಲೇ ಬದಲಾಯಿಸುವುದು ಒಳ್ಳೆಯದು.

ಎರಡನೆಯ ಆಯ್ಕೆಗೆ ಖರ್ಚು ಹೆಚ್ಚಾದರೂ ಹಳೆಯ ಪೈಪಿನ ಹಂಗು ಇರುವುದಿಲ್ಲ. ಗರ್ಡರಿನ ಮಾಳಿಗೆಗೆ ಎಷ್ಟೋ ಸಲ ಇದೇ ಸರಿ ಹೊಂದುತ್ತದೆ. ಆದರೆ ಪೈಪು ನೆಲ ಮುಟ್ಟುವ ಕಡೆ ಎಚ್ಚರ ಬೇಕು. ಕಲಬುರಗಿ, ಯಾದಗಿರಿಯ ಎರೆಮಣ್ಣು ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮನೆಯ ಗೋಡೆ ಬುನಾದಿಯ ಮೇಲೆ ಕದಲದೆ ನಿಂತಿರುವಾಗ ಅಂಗಳದ ಚೇಂಬರ್ ಮಾತ್ರ ಮಣ್ಣಿನೊಡನೆ ಏಳುತ್ತ ಇಳಿಯುತ್ತ ಇರುವುದರಿಂದ, ಎರಡನ್ನೂ ಗಾರೆ ಹಾಕಿ ಬಿಗಿಯಾಗಿ ಕೂಡಿಸಿದ ಪೈಪು ಕೆಲವೇ ವರ್ಷಗಳಲ್ಲಿ ಕೀಲಿನಲ್ಲಿ ಒಡೆಯುತ್ತದೆ. ಅಲ್ಲಿ ರಬ್ಬರ್ ರಿಂಗಿನ ಕೀಲನ್ನೇ ಬಳಸಬೇಕು, ಪೈಪಿನ ಸುತ್ತ ಎರೆಮಣ್ಣನ್ನು ತೆಗೆದು ಮರಳು ಅಥವಾ ಗರಸು ತುಂಬಬೇಕು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಈ ಕಾಟ ಅಷ್ಟಿಲ್ಲ. ತಳದ ತಿರುವಿನಲ್ಲಿ 90 ಡಿಗ್ರಿಯ ಒಂದು ಬೆಂಡಿನ ಬದಲು 45 ಡಿಗ್ರಿಯ ಎರಡು ಬೆಂಡುಗಳನ್ನು ಹಾಕಿಸಬೇಕು. ತಿರುವು ಇರುವಲ್ಲೆಲ್ಲ ಬಿಚ್ಚಿ ಸ್ವಚ್ಛಗೊಳಿಸುವ ಡೋರ್ ಬೆಂಡ್ ಇರಬೇಕು. ಮಾಳಿಗೆಯ ಮಳೆನೀರನ್ನು ಯಾವ ಕಾರಣಕ್ಕೂ ಈ ಪೈಪಿಗೆ ಬಿಡಬಾರದು, ಏಕೆಂದರೆ ಒಂದೇ ದೊಡ್ಡ ಮಳೆಗೆ ಚೇಂಬರ್ ತುಂಬಿ ಕೆಳಗಿನ ಶೌಚದಿಂದ ನೀರು ಉಕ್ಕುತ್ತದೆ.

ಒಳಮೂಲೆಯಲ್ಲಿ ಕಟ್ಟುವ ಮೂರನೆಯದನ್ನು ನಾನು ಬೇಡವೆನ್ನುತ್ತೇನೆ. ಮಲದ ಪೈಪಿಗೆ ಮೀಟರಿಗೆ ಸುಮಾರು ಎರಡೂವರೆ ಸೆಂಟಿಮೀಟರ್ ಇಳಿಜಾರು ಕೊಡಬೇಕು. ಹತ್ತು ಅಡಿ ಎಳೆದರೆ ಏಳೂವರೆ ಸೆಂಟಿಮೀಟರ್ ಎತ್ತರ ಇಳಿಜಾರಿಗೇ ಹೋಗುತ್ತದೆ, ನಾಲ್ಕೂವರೆ ಇಂಚಿನ ಪೈಪಿನ ಗಾತ್ರ ಅದಕ್ಕೆ ಸೇರುತ್ತದೆ, ಅಷ್ಟೂ ನೆಲ ಮೇಲೇಳುತ್ತದೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕಾರೇಜ್ ಎಂಬ ನೆಲದಡಿಯ ನೀರಿನ ಸುರಂಗವನ್ನು ನೋಡಿದವರಿಗೆ, ಬಹುದೂರದವರೆಗೆ ನೀರನ್ನು ಬರೀ ಇಳಿಜಾರಿನ ಬಲದಿಂದ ಹರಿಸಲು ಎಷ್ಟು ನಿಖರವಾದ ಅಳತೆ ಬೇಕೆಂಬುದು ತಿಳಿದಿರುತ್ತದೆ. ಬಚ್ಚಲಿನ ಹತ್ತು ಅಡಿಗೂ ಅದೇ ನಿಷ್ಠೆ ಬೇಕು, ಕಣ್ಣಂದಾಜು ಸಾಲದು. ಮಲವನ್ನು ಅರೆದು ಸಣ್ಣ ಪೈಪಿನಲ್ಲಿ ದೂಡುವ ವಿದ್ಯುತ್ ಪಂಪುಗಳೂ ಇವೆ. ಕರೆಂಟು ಹೋದಾಗ ಶೌಚವೇ ನಿಂತುಹೋಗುವ ಮತ್ತು ಕೆಟ್ಟರೆ ಊರಿನಲ್ಲಿ ರಿಪೇರಿಯವರು ಸುಲಭವಾಗಿ ಸಿಗದ ಆ ಸಾಧನವನ್ನು ಬೇರೆ ದಾರಿ ಇರುವವರು ನೆಚ್ಚಬಾರದು.

ನೆಲ ಮತ್ತು ಕಮೋಡ್

ಹೊಸ ಮನೆಯಲ್ಲಾದರೆ ಬಚ್ಚಲಿನ ಸ್ಲ್ಯಾಬನ್ನು ಮೊದಲೇ ತಗ್ಗಿಸಿ ಹಾಕುತ್ತಾರೆ. ಇದ್ದ ಮಾಳಿಗೆಯ ಮೇಲೆ ಅದು ಸಾಧ್ಯವಿಲ್ಲ. ಉಳಿಯುವ ದಾರಿಗಳೆಂದರೆ ಪೈಪನ್ನು ಕೆಳಗಿನ ಕೋಣೆಯ ಛಾವಣಿಯಡಿ ತೂಗುಹಾಕುವುದು, ಇಡೀ ನೆಲವನ್ನು ಎತ್ತರಿಸುವುದು, ಅಥವಾ ಜಳಕದ ಭಾಗವನ್ನಷ್ಟೇ ಎತ್ತರಿಸಿ ಕಮೋಡಿನ ಪೈಪನ್ನು ಗೋಡೆಯಿಂದ ನೇರ ಹೊರಕ್ಕೆ ಕಳಿಸುವುದು.

ತೂಗುಹಾಕಿದ ಪೈಪನ್ನು ಬಿಚ್ಚಿ ಸರಿಪಡಿಸುವುದು ಸುಲಭ. ಆದರೆ ಕೆಳಗೂ ಬಚ್ಚಲೇ ಇದ್ದಾಗ ಮಾತ್ರ ಅದನ್ನು ಒಪ್ಪಬಹುದು. ಅಡುಗೆಮನೆಯ ನೆತ್ತಿಯ ಮೇಲೆ ಮಲದ ಪೈಪು ಹಾಯಬಾರದು. ಇಡೀ ನೆಲ ಎತ್ತರಿಸುವುದರ ಭಾರದ ಲೆಕ್ಕವನ್ನು ಮೇಲೆ ಕೊಟ್ಟಿದ್ದೇನೆ. ಅನಿವಾರ್ಯವಾದರೆ ಒಳಗೆ ಇಟ್ಟಿಗೆ ಚೂರು ತುಂಬದೆ, ಸಣ್ಣ ಬ್ಲಾಕಿನ ಸಾಲುಗಳನ್ನು ಕಟ್ಟಿ ಅವುಗಳ ಮೇಲೆ ಪರಸಿ ಹೊದಿಸಿ ಟೊಳ್ಳು ಬಿಡುವುದು ಉತ್ತಮ. ಟೊಳ್ಳಿನ ತಳಕ್ಕೂ ಜಲನಿರೋಧಕ ಲೇಪ ಹಚ್ಚಿ, ಅಲ್ಲಿಂದ ಹೊರಗೋಡೆಗೆ ಅರ್ಧ ಇಂಚಿನ ಒಂದು ಸಣ್ಣ ಪೈಪನ್ನು ಬಿಟ್ಟಿದ್ದರೆ, ಒಳಗೆ ಸೋರಿಕೆಯಾದ ದಿನವೇ ಹೊರಗೆ ಹನಿ ಕಾಣಿಸುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಉಪಕಾರ ಮಾಡುವ ಕೆಲಸ ಬಚ್ಚಲಿನಲ್ಲಿ ಬೇರೊಂದಿಲ್ಲ.

ಜಳಕದ ಭಾಗವನ್ನಷ್ಟೇ ಎತ್ತರಿಸುವ ಮೂರನೆಯ ದಾರಿಯೇ ನನ್ನ ಆಯ್ಕೆ, ಮತ್ತು ಅದು ನಿಂತಿರುವುದು ಕಮೋಡಿನ ಒಂದು ವ್ಯತ್ಯಾಸದ ಮೇಲೆ. ಅಂಗಡಿಯಲ್ಲಿ ಎಸ್ ಟ್ರ್ಯಾಪ್, ಪಿ ಟ್ರ್ಯಾಪ್ ಎಂಬ ಎರಡು ಬಗೆಯ ಕಮೋಡುಗಳಿರುತ್ತವೆ. ಎಸ್ ಟ್ರ್ಯಾಪಿನ ಬಾಯಿ ನೆಲದೊಳಕ್ಕೆ ಇಳಿಯುತ್ತದೆ. ಪಿ ಟ್ರ್ಯಾಪಿನ ಬಾಯಿ ನೆಲದಿಂದ ಸುಮಾರು 18 ಸೆಂಟಿಮೀಟರ್ ಮೇಲೆ, ಹಿಂದಿನ ಗೋಡೆಯ ಕಡೆಗೆ ಇರುತ್ತದೆ. ಹೊರಗೋಡೆಗೆ ಬೆನ್ನು ಮಾಡಿ ಪಿ ಟ್ರ್ಯಾಪ್ ಕಮೋಡ್ ಕೂರಿಸಿದರೆ ಸ್ಲ್ಯಾಬಿಗೆ ತೂತು ಬೇಡ, ಆ ಭಾಗದ ನೆಲವನ್ನು ಎತ್ತರಿಸುವುದೂ ಬೇಡ. ಆಗ ಉಳಿಯುವುದು ಜಳಕದ ನೀರು ಮಾತ್ರ; ಅದಕ್ಕೆ 75 ಮಿಲಿಮೀಟರ್ ಪೈಪು, ಕಡಿಮೆ ಆಳದ ನಹಾನಿ ಟ್ರ್ಯಾಪ್ ಸೇರಿ ಆರರಿಂದ ಎಂಟು ಇಂಚಿನ ಕಟ್ಟೆ ಸಾಕು. ಇಂಡಿಯನ್ ಪ್ಯಾನ್ ಬೇಕೆನ್ನುವವರಿಗೆ ಟ್ರ್ಯಾಪ್ ಸೇರಿ ಸುಮಾರು ಒಂದೂವರೆ ಅಡಿ ಆಳ ಬೇಕಾಗುವುದರಿಂದ ಎರಡು ಮೆಟ್ಟಿಲಿನ ಕಟ್ಟೆಯೇ ಆಗುತ್ತದೆ. ಒದ್ದೆ ಕಾಲಿನಲ್ಲಿ ಮೆಟ್ಟಿಲು ಇಳಿಯುವುದು ಹಿರಿಯರಿಗೆ ಅಪಾಯ. ತಗಡಿನ ಛಾವಣಿ ಇದ್ದರೆ ತಲೆಗೂ ತಾಗುತ್ತದೆ. ಕೆಳಗಿನ ಮನೆಯಲ್ಲಿ ಇಂಡಿಯನ್ ಪ್ಯಾನ್ ಇದ್ದರೆ ಮೇಲೆ ಕಮೋಡ್ ಇರಲಿ. ಗೋಡೆಗೆ ತೂಗುವ ಕಮೋಡ್ ನೋಡಲು ಚೆನ್ನಾಗಿದ್ದರೂ ನಾಲ್ಕು ಇಂಚಿನ ಹಗುರ ಗೋಡೆ ಅದರ ಭಾರ ತಾಳುವುದಿಲ್ಲ.

ನೀರಿನ ಒತ್ತಡ ಮತ್ತು ಬಿಸಿನೀರು

ಕೆಳಗಿನ ಮನೆಯಲ್ಲಿ ಚೆನ್ನಾಗಿ ಬರುವ ನೀರು ಮೇಲೆ ಸಣ್ಣಗೆ ಹನಿಯುವುದಕ್ಕೆ ಕಾರಣ ಎತ್ತರ. ಟ್ಯಾಂಕಿನ ನೀರು ನಲ್ಲಿಗಿಂತ ಹತ್ತು ಮೀಟರ್ ಮೇಲಿದ್ದರೆ ಒಂದು ಬಾರ್ ಒತ್ತಡ ಸಿಗುತ್ತದೆ. ಒಂದು ಮೀಟರ್ ಮೇಲಿದ್ದರೆ ಅದರ ಹತ್ತನೇ ಒಂದು ಭಾಗ. ಒಂಬತ್ತು ಅಡಿ ಎತ್ತರದ ಕೋಣೆಯ ಛಾವಣಿಯ ಮೇಲೆ ಟ್ಯಾಂಕ್ ಇಟ್ಟರೂ ಶವರಿಗೆ ಸಿಗುವುದು 0.1ರಿಂದ 0.2 ಬಾರ್ ಮಾತ್ರ. ಶವರ್ ಧಾರಾಳವಾಗಿ ಸುರಿಯಲು ಅರ್ಧ ಬಾರಾದರೂ ಬೇಕು. ಟ್ಯಾಂಕು ಕೋಣೆಯ ಪಕ್ಕದಲ್ಲೇ ಅದೇ ಮಾಳಿಗೆಯ ಮೇಲೆ ಕೂತಿದ್ದರೆ ಶವರಿಗೆ ನೀರು ಏರುವುದೇ ಇಲ್ಲ.

ಟ್ಯಾಂಕನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಎತ್ತುವುದಕ್ಕೆ ಕರೆಂಟು ಬೇಡ, ರಿಪೇರಿ ಇಲ್ಲ. ಆದರೆ ಸಾವಿರ ಲೀಟರಿನ ಟ್ಯಾಂಕ್ ತುಂಬಿದಾಗ ಒಂದು ಟನ್ ತೂಗುವುದರಿಂದ ಸ್ಟ್ಯಾಂಡಿನ ಕಾಲುಗಳು ಗೋಡೆಯ ಅಥವಾ ಬೀಮಿನ ಮೇಲೆಯೇ ನಿಲ್ಲಬೇಕು. ಬೇಸಿಗೆಯ ಬಿರುಗಾಳಿಗೆ ಖಾಲಿ ಟ್ಯಾಂಕು ಉರುಳದಂತೆ ಕಟ್ಟಿಯೂ ಇರಬೇಕು. ಪ್ರೆಶರ್ ಪಂಪು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ಮೇಲಿನ ಬಚ್ಚಲಿನ ಪ್ರತ್ಯೇಕ ಲೈನಿಗೆ ಮಾತ್ರ ಹಾಕಬೇಕು. ಕೆಳಗಿನ ತುಕ್ಕು ಹಿಡಿದ ಹಳೆಯ ಪೈಪುಗಳಿಗೆ ಆ ಒತ್ತಡ ತಗಲಿದರೆ ಗೋಡೆಯೊಳಗೆ ಹೊಸ ಸೋರಿಕೆಗಳು ಹುಟ್ಟುತ್ತವೆ. ಪಂಪಿನ ಪಕ್ಕದಲ್ಲಿ ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಇರುವ ಬೈಪಾಸ್ ಪೈಪು ಇದ್ದರೆ ಕರೆಂಟಿಲ್ಲದಾಗಲೂ ಬಕೆಟಿಗೆ ನೀರು ಬರುತ್ತದೆ. ಟ್ಯಾಂಕಿನಿಂದ ಒಂದು ಇಂಚಿನ ಪೈಪನ್ನೇ ಇಳಿಸಿ ಬಚ್ಚಲಿನ ಹತ್ತಿರ ಮುಕ್ಕಾಲು ಇಂಚಿಗೆ ತಂದರೆ ಇರುವ ಅಲ್ಪ ಒತ್ತಡವೂ ದಾರಿಯಲ್ಲಿ ಕಳೆದುಹೋಗುವುದಿಲ್ಲ. ಕಮೋಡಿಗೆ ಕಡಿಮೆ ಒತ್ತಡದಲ್ಲೂ ತುಂಬುವ ಸಿಸ್ಟರ್ನ್ (ಫ್ಲಶ್ ಟ್ಯಾಂಕು) ಇರಲಿ; ನೇರ ಫ್ಲಶ್ ವಾಲ್ವ್ ಇಲ್ಲಿ ಕೆಲಸಕ್ಕೆ ಬಾರದು.

ಬಿಸಿನೀರಿಗೆ ಮಾಳಿಗೆಯ ಮೇಲಿನ ಸೋಲಾರ್ ಇದೆಯಲ್ಲ ಎಂದು ಹಲವರು ಭಾವಿಸುತ್ತಾರೆ. ಸೋಲಾರಿನ ಟ್ಯಾಂಕು ಕೋಣೆಯ ಮಟ್ಟದಲ್ಲೇ ಇದ್ದರೆ ಅದರ ನೀರು ಕೆಳಮನೆಗೆ ಇಳಿಯುತ್ತದೆಯೇ ಹೊರತು ಪಕ್ಕದ ಕೋಣೆಯ ಶವರಿಗೆ ಏರುವುದಿಲ್ಲ; ಹೆಚ್ಚೆಂದರೆ ಮೊಣಕಾಲೆತ್ತರದ ನಲ್ಲಿಗೆ ನಿಧಾನವಾಗಿ ಬರಬಹುದು. ಬಕೆಟ್ ಜಳಕದವರಿಗೆ ಅಷ್ಟು ಸಾಕು. ಶವರ್ ಬೇಕೆಂದರೆ ಸೋಲಾರನ್ನು ಕೋಣೆಯ ಕಾಂಕ್ರೀಟ್ ಛಾವಣಿಗೆ ಏರಿಸಿ, ತಣ್ಣೀರಿನ ಟ್ಯಾಂಕನ್ನು ಅದಕ್ಕಿಂತಲೂ ಮೇಲಿಡಬೇಕಾಗುತ್ತದೆ. ಆ ಖರ್ಚಿಗಿಂತ 15 ಲೀಟರಿನ ಸ್ಟೋರೇಜ್ ಗೀಸರ್ ಒಳ್ಳೆಯದು. ಇನ್‌ಸ್ಟಂಟ್ ಗೀಸರ್ ಅಗ್ಗವಾದರೂ ನಮ್ಮ ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಗಡಸು; ಕಾಯಿಲಿನ ಮೇಲೆ ಬಿಳಿ ಗಾರು ಬೇಗ ಕಟ್ಟುತ್ತದೆ. ಸ್ಟೋರೇಜ್ ಗೀಸರಿನಲ್ಲೂ ತಾಪವನ್ನು 50ರಿಂದ 55 ಡಿಗ್ರಿಗೆ ಇಟ್ಟರೆ ಗಾರು ಕಟ್ಟುವುದು ಕಡಿಮೆಯಾಗುತ್ತದೆ. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಯಾವ ಕಾರಣಕ್ಕೂ ಇಡಬಾರದು. ಗಾಳಿ ಸಾಲದ ಸಣ್ಣ ಕೋಣೆಯಲ್ಲಿ ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಜೀವ ತೆಗೆಯುತ್ತದೆ.

ಪೈಪುಗಳ ಆಯ್ಕೆಯನ್ನು ಬೇಗ ಮುಗಿಸಬಹುದು. ಜಿಐ ಪೈಪು (ಸತು ಲೇಪಿಸಿದ ಕಬ್ಬಿಣದ್ದು) ಗಡಸು ನೀರಿಗೆ ಒಳಗಿನಿಂದ ಕಟ್ಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಪೈಪುಗಳಲ್ಲಿ ಯುಪಿವಿಸಿ ತಣ್ಣೀರಿಗೆ ಮಾತ್ರ. ಸಿಪಿವಿಸಿ ಬಿಸಿನೀರಿಗೂ ಆಗುತ್ತದೆ, ಅದನ್ನು ಜೋಡಿಸಬಲ್ಲ ಪ್ಲಂಬರರು ಎಲ್ಲ ಕಡೆ ಸಿಗುತ್ತಾರೆ. ಒಳಗಿನ ಲೈನಿಗೆ ಅದೇ ಇರಲಿ. ಗೀಸರಿನ ಬಾಯಿಗೆ ಮಾತ್ರ ಲೋಹದ ಕನೆಕ್ಷನ್ ಪೈಪು ಬೇಕು. ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದ ಯಾವ ಪ್ಲಾಸ್ಟಿಕ್ ಪೈಪಾದರೂ 42 ಡಿಗ್ರಿಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಕ್ರಮೇಣ ಪೆಡಸಾಗುತ್ತದೆ, ಮಧ್ಯಾಹ್ನ ತಣ್ಣೀರಿನ ನಲ್ಲಿಯಿಂದಲೇ ಮೈ ಸುಡುವ ನೀರು ಬರುತ್ತದೆ. ಅದನ್ನು ನೆರಳಿನ ಗೋಡೆಯ ಬದಿಯಲ್ಲಿ ಒಯ್ದು, ನೀರು ಆಧಾರಿತ ಬಿಳಿ ಬಣ್ಣ ಹಚ್ಚಿ, ಸಾಧ್ಯವಾದರೆ ಫೋಮಿನ ಹೊದಿಕೆ ಹಾಕಬೇಕು.

ಒಳಗಿನ ಜಾಗ

ರಾಷ್ಟ್ರೀಯ ಕಟ್ಟಡ ಸಂಹಿತೆಯು ಜಳಕ ಮತ್ತು ಶೌಚ ಕೂಡಿರುವ ಕೋಣೆಗೆ ಕನಿಷ್ಠ 2.8 ಚದರ ಮೀಟರ್ ವಿಸ್ತೀರ್ಣ, 1.2 ಮೀಟರ್ ಅಗಲ ಹೇಳುತ್ತದೆ. ಅಂದರೆ 30 ಚದರ ಅಡಿ. ಅದನ್ನು 4 ಅಡಿ ಅಗಲ, ಏಳೂವರೆ ಅಡಿ ಉದ್ದಕ್ಕೆ ಕಟ್ಟಬಹುದು, 5ಕ್ಕೆ 6 ಅಡಿಯಂತೆಯೂ ಕಟ್ಟಬಹುದು. ನನಗೆ ಉದ್ದನೆಯದೇ ಮೇಲೆನಿಸುತ್ತದೆ: ಬಾಗಿಲ ಬಳಿ ಬೇಸಿನ್, ನಡುವೆ ಕಮೋಡ್, ಕೊನೆಗೆ ಜಳಕದ ಕಟ್ಟೆ ಎಂದು ಸಾಲಾಗಿ ಬಂದು, ಒಂದೇ ಹೊರಗೋಡೆಯ ಉದ್ದಕ್ಕೂ ಎಲ್ಲ ಪೈಪುಗಳು ಹೊರಬೀಳುತ್ತವೆ, ಬಾಗಿಲ ಬಳಿಯ ನೆಲ ಒಣಗಿಯೇ ಇರುತ್ತದೆ. ಕಮೋಡಿನ ನಡುಭಾಗ ಪಕ್ಕದ ಗೋಡೆಯಿಂದ 40 ಸೆಂಟಿಮೀಟರಾದರೂ ದೂರವಿರಲಿ, ಮುಂದೆ ಎರಡು ಅಡಿ ತೆರವಿರಲಿ, ಜಳಕಕ್ಕೆ ಮೂರು ಅಡಿ ಚೌಕವಿರಲಿ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಜಾರಿ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ದೂಡಲಾಗುವುದಿಲ್ಲ.

ಕೋಣೆಗೆ ಇಳಿಜಾರು ತಗಡಿದ್ದರೆ ಎತ್ತರದ ಬದಿಯಲ್ಲಿ ಜಳಕ, ತಗ್ಗಿನ ಬದಿಯಲ್ಲಿ ಕಮೋಡ್ ಇಡಬೇಕು. ಕೂತಾಗ ತಗ್ಗು ತೊಂದರೆ ಕೊಡದು, ಆದರೆ ಕಮೋಡಿನ ಮುಂದೆ ಎದ್ದು ನಿಲ್ಲುವ ಕಡೆ ಆರೂವರೆ ಅಡಿಯಾದರೂ ಇರಬೇಕು. ಜಳಕದ ಭಾಗದಲ್ಲಿ, ಕಟ್ಟೆಯ ಮೇಲಿನಿಂದ ಅಳೆದು, ಏಳು ಅಡಿ ಬೇಕು. ತಗಡಿನ ಕಾವು ತಡೆಯಲು ಒಳಗಡೆ ಒಂದು ಹೊದಿಕೆ ಅಗತ್ಯ. ಗಾಳಿಕಿಂಡಿಯನ್ನು ಸಾಧ್ಯವಾದರೆ ಪಡುವಣ ಗೋಡೆಯನ್ನು ಬಿಟ್ಟು ಬೇರೆ ಕಡೆ ಇಡಬೇಕು. ನೆಲಕ್ಕೆ ನುಣುಪು ಟೈಲ್ಸಿಗಿಂತ ಪಾಲಿಶ್ ಮಾಡದ ಶಹಾಬಾದ್ ಕಲ್ಲು ಕಾಲಿಗೆ ಹಿಡಿತ ಕೊಡುತ್ತದೆ, ಆದರೆ ಒಂದೂವರೆ ಇಂಚಿನ ಕಲ್ಲು ಚದರ ಮೀಟರಿಗೆ ನೂರು ಕಿಲೋದಷ್ಟು ತೂಗುವುದರಿಂದ ಭಾರದ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು. ಭಾರ ಹೆಚ್ಚಾದರೆ ಒರಟು ಮೈಯ ಟೈಲ್ಸೇ ಇರಲಿ.

ಟೈಲ್ಸ್ ಹಾಕುವ ಮುನ್ನ

ಜಲನಿರೋಧಕ ಲೇಪವನ್ನು ನೆಲಕ್ಕೆ ಎರಡು ಕೈ ಹಚ್ಚಿ, ಗೋಡೆಗೆ ಒಂದು ಅಡಿ, ಜಳಕದ ಭಾಗದಲ್ಲಿ ಆರು ಅಡಿ ಎತ್ತರದವರೆಗೆ ಒಯ್ಯಬೇಕು. ಗೌಂಡಿ ಟೈಲ್ಸ್ ಕೆಲಸಕ್ಕೆ ಅವಸರ ಮಾಡಿದರೂ, ಟ್ರ್ಯಾಪಿನ ಬಾಯಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ ಎರಡು ದಿನ ಬಿಡಬೇಕು, ಕೆಳಗಿನ ಛಾವಣಿಯಲ್ಲೂ ಹೊರಗೋಡೆಯಲ್ಲೂ ತೇವ ಕಾಣುತ್ತದೆಯೇ ಎಂದು ನೋಡಬೇಕು. ಗೋಡೆಯೊಳಗೆ ಪೈಪು ಮುಚ್ಚುವ ಮುನ್ನ ಅವುಗಳ ಫೋಟೋ ತೆಗೆದು, ನೆಲದಿಂದಲೂ ಮೂಲೆಯಿಂದಲೂ ಎಷ್ಟು ದೂರವೆಂಬುದನ್ನು ಬರೆದಿಟ್ಟುಕೊಂಡರೆ ಮುಂದೆ ಡ್ರಿಲ್ಲಿನ ಮೊನೆ ಪೈಪಿಗೆ ತಾಗುವುದಿಲ್ಲ. ಇನ್ನೊಂದು ಪರೀಕ್ಷೆಗೆ ಇಬ್ಬರು ಬೇಕು: ಒಬ್ಬರು ಮೇಲಿನ ಕಮೋಡನ್ನು ಫ್ಲಶ್ ಮಾಡಿ ಅದರ ಬೆನ್ನಿಗೇ ಎರಡು ಬಕೆಟ್ ನೀರು ಸುರಿಯುವಾಗ, ಇನ್ನೊಬ್ಬರು ಕೆಳಗಿನ ನಹಾನಿ ಟ್ರ್ಯಾಪಿನ ಬಳಿ ಕೂತು ಗಮನಿಸಬೇಕು. ಅಲ್ಲಿ ಗುಳುಗುಳು ಸದ್ದು ಬಂದರೆ ಅಥವಾ ನಿಂತ ನೀರಿನ ಮಟ್ಟ ಇಳಿದರೆ ಗಾಳಿಪೈಪು ಸಾಲುತ್ತಿಲ್ಲವೆಂದು ಅರ್ಥ, ಮತ್ತು ಅದನ್ನು ಪ್ಲಂಬರಿಗೆ ಪೂರ್ತಿ ಹಣ ಕೊಡುವ ಮೊದಲೇ ಸರಿಪಡಿಸಿಕೊಳ್ಳಬೇಕು.